ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶದಲ್ಲಿ ಹೆಪ್ಪು: ಕರಗಿಸುವ ಔಷಧಿಯನ್ನೇ ಏಕೆ ಕೊಡುವುದಿಲ್ಲ?

ನಿಮ್ಮ ತಂದೆಯವರಿಗೆ ಸೊಂಟದ ಕೀಲು ಬದಲಿಸಿದ ಎಂಟನೆಯ ದಿನ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಸಿ.ಟಿ. ಸ್ಕ್ಯಾನ್‌ನಲ್ಲಿ ಕಂಡಿದೆ, ಕರಗಿಸುವ ಔಷಧಿ ಕೊಡದೆ ಬರೀ ಹೊಟ್ಟೆಗೆ ಚುಚ್ಚುಮದ್ದು ಕೊಡುತ್ತಿದ್ದಾರೆ, ಇಷ್ಟು ಸಾಕೇ ಎಂದು ಕೇಳಿದ್ದೀರಿ. ನಾನು ಮೂಳೆ ವಿಭಾಗದ ವಾರ್ಡಿನಲ್ಲಿ ಹಲವು ವರ್ಷಗಳಿಂದ ನರ್ಸ್ ಆಗಿದ್ದೇನೆ; ನಿಮ್ಮ ಆತಂಕವನ್ನು ಬಹಳ ಮನೆಯವರ ಮುಖದಲ್ಲಿ ಕಂಡಿದ್ದೇನೆ.

ಈ ಹೆಪ್ಪು ಸಾಮಾನ್ಯವಾಗಿ ಹುಟ್ಟುವುದು ಕಾಲಿನ ಆಳದ ರಕ್ತನಾಳಗಳಲ್ಲಿ. ಅಲ್ಲಿಂದ ಕಳಚಿಕೊಂಡು ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಪಾರಿನ್ ಗುಂಪಿನ ಚುಚ್ಚುಮದ್ದು ಅದನ್ನು ಕರಗಿಸುವುದಿಲ್ಲ ಎಂಬುದು ನಿಜ. ಇದ್ದದ್ದು ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುತ್ತದೆ, ಅಷ್ಟರಲ್ಲಿ ದೇಹದ್ದೇ ಆದ ಪ್ಲಾಸ್ಮಿನ್ ಎಂಬ ಕಿಣ್ವ ವಾರಗಟ್ಟಲೆ ನಿಧಾನವಾಗಿ ಅದನ್ನು ಕರಗಿಸುತ್ತಾ ಬರುತ್ತದೆ. ಆಲ್ಟೆಪ್ಲೇಸ್‌ನಂಥ ಔಷಧಿ ಗಂಟೆಗಳಲ್ಲೇ ಆ ಕೆಲಸ ಮಾಡಬಲ್ಲದು, ಆದರೆ ಯಾವ ಹೆಪ್ಪು ಬೇಕು, ಯಾವುದು ಬೇಡ ಎಂಬುದು ಅದಕ್ಕೆ ತಿಳಿಯದು. ಸೊಂಟದ ಹಸಿ ಗಾಯದಲ್ಲಿ ರಕ್ತ ಒಸರದಂತೆ ಹಿಡಿದಿರುವ ಹೆಪ್ಪನ್ನೂ ಕರಗಿಸಿಬಿಡುತ್ತದೆ. ಆದ್ದರಿಂದ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೊದಲ ಮೂರು ವಾರ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಿದ್ದಾಗ ಮಾತ್ರ ವೈದ್ಯರು ಅದರ ಬಗ್ಗೆ ಯೋಚಿಸುತ್ತಾರೆ. ಆಗಲೂ ರಕ್ತನಾಳದೊಳಗೆ ಕ್ಯಾಥೆಟರ್ ಎಂಬ ಸಪೂರ ಕೊಳವೆ ತೂರಿಸಿ ಹೆಪ್ಪನ್ನು ಹೊರತೆಗೆಯುವ ದಾರಿಯನ್ನು ಪರಿಶೀಲಿಸುತ್ತಾರೆ. ನಿಮ್ಮ ತಂದೆಯವರ ರಕ್ತದೊತ್ತಡ ಸ್ಥಿರವಾಗಿದೆ ಎಂದು ಬರೆದಿದ್ದೀರಿ. ಹಾಗಿದ್ದರೆ ನಡೆಯುತ್ತಿರುವುದು ಸರಿಯಾದ ಚಿಕಿತ್ಸೆಯೇ.

ಮನೆಗೆ ಬಂದ ಮೇಲೆ ಚುಚ್ಚುಮದ್ದು ಮುಂದುವರಿದರೆ, ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಮಡಿಸಿ ಹಿಡಿದು ಸೂಜಿಯನ್ನು ನೇರವಾಗಿ ಇಳಿಸಿ, ತೆಗೆದ ಮೇಲೆ ಉಜ್ಜಬೇಡಿ. ಉಜ್ಜಿದರೆ ಅಂಗೈಯಗಲ ನೀಲಿಗಟ್ಟುತ್ತದೆ. ಮಾತ್ರೆಗೆ ಬದಲಿಸಿದಾಗ ಡೋಸ್ ಗಮನಿಸಿ: ಅಪಿಕ್ಸಾಬಾನ್ ಆದರೆ ಸಾಮಾನ್ಯವಾಗಿ ಮೊದಲ 7 ದಿನ 10 ಮಿ.ಗ್ರಾಂ. ದಿನಕ್ಕೆರಡು ಬಾರಿ, ನಂತರ 5 ಮಿ.ಗ್ರಾಂ. ದಿನಕ್ಕೆರಡು ಬಾರಿ. ಕನಿಷ್ಠ 3 ತಿಂಗಳು ಬೇಕು. ನಮ್ಮ ವಾರ್ಡಿನಿಂದ ಹೋದ ಒಬ್ಬ ಅಜ್ಜಿ ಉಸಿರಾಟ ಸರಾಗವಾಯಿತೆಂದು ಒಂದೇ ತಿಂಗಳಿಗೆ ಮಾತ್ರೆ ಬಿಟ್ಟರು. ಚಪ್ಪಲಿ ಹಿಡಿಯದಷ್ಟು ಊದಿದ ಕಾಲಿನೊಂದಿಗೆ ಅವರು ಮರಳಿ ಬಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಮಂಡಿ, ಸೊಂಟ ನೋವೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ಕೊಡಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ, ಉಸಿರು ಮತ್ತೆ ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.