ಬೇಯಿಸಿದ ಮೊಟ್ಟೆ ಫ್ರಿಜ್‌ನಲ್ಲಿ ಎಷ್ಟು ದಿನ ಇಡಬಹುದು? ಕಾರವಾರದ ಸೆಕೆ, ಮಳೆ, ಕರೆಂಟು ನೋಡಿಕೊಂಡು ಹೇಳುವುದಾದರೆ

ಕೋಡಿಬಾಗದಲ್ಲಿ ರೂಮು ಮಾಡಿಕೊಂಡಿದ್ದೀರಿ, ಒಂದೇ ಬಾಗಿಲಿನ ಚಿಕ್ಕ ಫ್ರಿಜ್ ಇದೆ. ರವಿವಾರ ಒಂದು ಡಜನ್ ಮೊಟ್ಟೆ ಬೇಯಿಸಿಟ್ಟರೆ ವಾರಪೂರ್ತಿ ಬೆಳಗಿನ ತಿಂಡಿಗೆ ಆಗ್ತದಾ, ಸಿಪ್ಪೆ ಸುಲಿದು ಇಡಬೇಕಾ, ಹಾಗೇ ಇಡಬೇಕಾ, ನಡುವೆ ಕರೆಂಟ್ ಹೋದರೆ ಏನು ಗತಿ ಅಂತ ಕೇಳಿದ್ದೀರಿ.

ಮೊದಲು ನೇರ ಉತ್ತರ. ಮೊಟ್ಟೆ ಸಿಪ್ಪೆ ಸಮೇತ ಇರಬೇಕು, ಬೆಂದ ಎರಡು ಗಂಟೆಯೊಳಗೆ ಫ್ರಿಜ್ ಸೇರಿರಬೇಕು, ಫ್ರಿಜ್ ಒಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹಾಗಿದ್ದರೆ 7 ದಿನ ಇಡಬಹುದು. ಈ ಮೂರರಲ್ಲಿ ಒಂದು ತಪ್ಪಿದರೂ 7 ದಿನದ ಲೆಕ್ಕ ಬಿಟ್ಟುಬಿಡಿ. ನಮ್ಮ ಕರಾವಳಿಯಲ್ಲಿ ಇವು ಮೂರೂ ಬಹಳ ಸುಲಭವಾಗಿ ತಪ್ಪುತ್ತವೆ. ಅದಕ್ಕೇ ಡಜನ್ ಬೇಡ ಅಂತೇನೆ. ರವಿವಾರ ಆರು ಬೇಯಿಸಿ, ಬುಧವಾರದೊಳಗೆ ತಿಂದು ಮುಗಿಸಿ, ಆಮೇಲೆ ಮತ್ತೆ ಆರು. ಹದಿನೈದು ನಿಮಿಷದ ಕೆಲಸ.

ನಾನು ಕಾರವಾರದಲ್ಲೇ ನಾದಿನಿ ಜೊತೆ ಸೇರಿ ಚಿಕ್ಕ ಮೆಸ್ ನಡೆಸ್ತೇನೆ. ಊಟಕ್ಕೆ ಬರುವವರು ಹೆಚ್ಚಿನವರು ಬ್ಯಾಂಕಿನವರು, ಕಾಲೇಜಿನ ಹುಡುಗರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರ್ತದಲ್ಲ, ಆ ಎರಡು ತಿಂಗಳು ಮೀನು ಕಡಿಮೆ, ತುಟ್ಟಿಯೂ ಹೌದು. ಆಗ ನಮ್ಮ ಒಲೆಯ ಮೇಲೆ ಮೊಟ್ಟೆಯದೇ ರಾಜ್ಯ. ಹೊರಗೆ ಮಳೆ, ಕರೆಂಟಿನ ಭರವಸೆ ಇಲ್ಲದ ಕಾಲವೂ ಅದೇ. ಹಾಗಾಗಿ ಈ ವಿಷಯ ನನಗೆ ದಿನಾ ಎದುರಿಗಿರುವಂಥದ್ದು.

ತುಂಬ ಜನ ತಪ್ಪು ತಿಳಿದುಕೊಂಡಿರೋದು ಒಂದಿದೆ: ಹಸಿ ಮೊಟ್ಟೆ ಬೇಗ ಕೆಡ್ತದೆ, ಬೇಯಿಸಿದರೆ ಬಾಳಿಕೆ ಬರ್ತದೆ ಅಂತ. ಇರೋದು ಉಲ್ಟಾ. ಹಸಿ ಮೊಟ್ಟೆಗೆ ತನ್ನದೇ ಕಾವಲು ಇರ್ತದೆ. ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ, ಅವನ್ನು ಹೊರಗಿನಿಂದ ಒಂದು ತೆಳು ಪೊರೆ ಮುಚ್ಚಿರ್ತದೆ. ಒಳಗಿನ ಬಿಳಿ ಲೋಳೆಯಲ್ಲಿ ಲೈಸೊಜೈಮ್ ಅನ್ನುವ ಅಂಶ ಇದೆ, ಅದು ಕೆಲವು ಜಾತಿಯ ಬ್ಯಾಕ್ಟೀರಿಯಾಗಳ ಹೊರಗೋಡೆಯನ್ನೇ ಒಡೆಯುತ್ತದೆ. 1922ರಲ್ಲಿ ಇದನ್ನು ಮೊದಲು ವಿವರಿಸಿದವರು ಮುಂದೆ ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್. ಜೊತೆಗೆ ಅದೇ ಲೋಳೆಯಲ್ಲಿ ಕಬ್ಬಿಣದ ಅಂಶವನ್ನು ಹಿಡಿದಿಟ್ಟು ಬ್ಯಾಕ್ಟೀರಿಯಾಗಳಿಗೆ ಸಿಗದ ಹಾಗೆ ಮಾಡುವ ಪ್ರೋಟೀನೂ ಇದೆ. ಹತ್ತು–ಹನ್ನೆರಡು ನಿಮಿಷ ಕುದಿಸಿದಿರೋ, ಒಳಗಿನ ರೋಗಾಣು ಸಾಯ್ತವೆ ಹೌದು, ಆದರೆ ಈ ಕಾವಲೂ ಹೋಗ್ತದೆ. ಮೇಲಿನ ಪೊರೆ ಹಾಳಾಗ್ತದೆ, ರಂಧ್ರ ಬಾಯಿ ತೆರೆದುಕೊಳ್ತವೆ, ಒಳಗೆ ಉಳಿಯೋದು ಬೆಂದ ಪ್ರೋಟೀನು ಮತ್ತು ನೀರು. ಆಮೇಲೆ ಹೊರಗಿನಿಂದ ಏನು ಸೇರಿಕೊಂಡರೂ ತಡೆಯುವವರಿಲ್ಲ. ಆದ್ದರಿಂದ ಅಂಗಡಿಯಲ್ಲಿ ಹಸಿ ಮೊಟ್ಟೆ ಹೊರಗೇ ಜೋಡಿಸಿಟ್ಟಿರ್ತಾರಲ್ಲ, ಬೇಯಿಸಿದ್ದು ಯಾಕೆ ಇಡಬಾರದು ಅಂತ ಹೋಲಿಸಲಿಕ್ಕೆ ಹೋಗಬೇಡಿ. ಬೇಯಿಸಿದ ಮೊಟ್ಟೆಯನ್ನು ಮಾಡಿಟ್ಟ ಅಡುಗೆಯ ಲೆಕ್ಕದಲ್ಲೇ ನೋಡಬೇಕು.

ಅಡುಗೆ ಅಂದ ಮೇಲೆ ಹೊರಗೆ ಎಷ್ಟು ಹೊತ್ತು ಇತ್ತು ಅನ್ನೋದೇ ಮುಖ್ಯ. ಎರಡು ಗಂಟೆಯ ನಿಯಮ ಸಾಧಾರಣ ಹವೆಗೆ. ಸುತ್ತಲಿನ ಸೆಕೆ 32 ಡಿಗ್ರಿ ದಾಟಿದರೆ ಅದು ಒಂದೇ ಗಂಟೆ. ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನ ತಗಡಿನ ಮಾಡಿನ ಅಡುಗೆಮನೆ ಹೇಗಿರ್ತದೆ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಏಳಕ್ಕೆ ಬೇಯಿಸಿ, ಪಾತ್ರೆಯಲ್ಲೇ ಬಿಟ್ಟು ಆಫೀಸಿಗೆ ಹೋಗಿ, ಸಂಜೆ ಬಂದು ಫ್ರಿಜ್‌ಗೆ ಇಟ್ಟರೆ ಆ ಮೊಟ್ಟೆಗೆ ಫ್ರಿಜ್ ಏನೂ ಮಾಡಲಾರದು. ತಂಪು ಅನ್ನೋದು ರೋಗಾಣುಗಳ ಬೆಳವಣಿಗೆಯನ್ನು ನಿಧಾನ ಮಾಡ್ತದೆ ಅಷ್ಟೇ, ಬೆಳೆದದ್ದನ್ನು ತೆಗೆಯೋದಿಲ್ಲ. ಶಾಲೆಯ ಬಿಸಿಯೂಟದಲ್ಲಿ ಕೊಟ್ಟ ಮೊಟ್ಟೆಯನ್ನು ಕೆಲವು ಮಕ್ಕಳು ಮನೆಯಲ್ಲಿರುವ ತಮ್ಮನಿಗೋ ತಂಗಿಗೋ ಅಂತ ಪ್ರೀತಿಯಿಂದ ಚೀಲದಲ್ಲಿ ತರ್ತಾರೆ. ನಾಲ್ಕೈದು ಗಂಟೆ ಚೀಲದಲ್ಲಿದ್ದ ಆ ಮೊಟ್ಟೆಯನ್ನು ದಯವಿಟ್ಟು ಮರುದಿನಕ್ಕೆ ಅಂತ ಫ್ರಿಜ್‌ನಲ್ಲಿ ಎತ್ತಿಡಬೇಡಿ.

ಇನ್ನು ತಣಿಸುವ ವಿಚಾರ. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಗಮನ ಕೊಡೋದು ಇಲ್ಲೇ. ಕುದಿಯುವ ನೀರಿನಿಂದ ತೆಗೆದ ಮೊಟ್ಟೆ ತಣ್ಣಗಾಗುವಾಗ ಒಳಗಿನದು ಕುಗ್ಗುತ್ತದೆ. ಕುಗ್ಗುವಾಗ ಸುತ್ತಲಿನ ನೀರನ್ನು ಆ ರಂಧ್ರಗಳ ಮೂಲಕ ಸ್ವಲ್ಪ ಒಳಗೆ ಎಳೆದುಕೊಳ್ಳಬಹುದು. ಅಂದರೆ ತಣಿಸುವ ನೀರು ಎಂಥದ್ದೋ ಮೊಟ್ಟೆಯೂ ಅಂಥದ್ದೇ. ಮಳೆಗಾಲದಲ್ಲಿ ನಮ್ಮ ಕಡೆ ಎಷ್ಟೋ ಬಾವಿಗಳ ನೀರು ಕದಡಿ ಕೆಂಪಗಾಗ್ತದೆ. ಪಾತ್ರೆ ತೊಳೆಯುವ ಟಬ್ಬಿನ ನೀರಿಗೆ ಮೊಟ್ಟೆ ಸುರಿಯೋದನ್ನೂ ಕೆಲವು ಮನೆಗಳಲ್ಲಿ ನೋಡಿದ್ದೇನೆ. ನಮ್ಮ ಮೆಸ್ಸಿನಲ್ಲಿ ಕುಡಿಯುವ ನೀರನ್ನೇ, ಕುದಿಸಿ ಆರಿಸಿ ಫ್ರಿಜ್‌ನಲ್ಲಿ ತಂಪು ಮಾಡಿಟ್ಟದ್ದನ್ನು, ಅಗಲದ ಸ್ಟೀಲ್ ಬೋಗುಣಿಗೆ ಹಾಕಿ ಮೊಟ್ಟೆ ಇಳಿಸ್ತೇವೆ. ನೀರು ಬೆಚ್ಚಗಾದ ತಕ್ಷಣ ಚೆಲ್ಲಿ ಇನ್ನೊಮ್ಮೆ ತಂಪು ನೀರು. ಸುಮಾರು ಹತ್ತು ನಿಮಿಷದಲ್ಲಿ ಕೈಯಲ್ಲಿ ಹಿಡಿದರೆ ತಣ್ಣಗೆ ಅನ್ನಿಸ್ತದೆ. ಆಮೇಲೆ ಒಣ ಬಟ್ಟೆಯಲ್ಲಿ ಒಂದೊಂದನ್ನೂ ಒರೆಸಿ, ಸಿಪ್ಪೆಯ ಮೇಲೆ ಪೆನ್ಸಿಲಿನಿಂದ ವಾರದ ಹೆಸರಿನ ಮೊದಲ ಅಕ್ಷರ ಬರೆದು ಡಬ್ಬಿಗೆ ಹಾಕ್ತೇವೆ. ಸ್ಕೆಚ್ ಪೆನ್ ಬೇಡ, ಶಾಯಿ ಒಳಕ್ಕೆ ಇಳಿಯುತ್ತದೆ.

ಬೇಗ ತಣಿಸಿದರೆ ಇನ್ನೊಂದು ಲಾಭ ಇದೆ. ಹಳದಿಯ ಸುತ್ತ ಹಸಿರು-ಬೂದು ಉಂಗುರ ಬರ್ತದಲ್ಲ, ಬಹಳ ಹೊತ್ತು ಕುದಿಸಿದರೆ, ನಿಧಾನ ತಣಿಸಿದರೆ ಅದು ಜಾಸ್ತಿ. ಬಿಳಿಯ ಭಾಗದ ಗಂಧಕದ ಅನಿಲ ಹಳದಿಯ ಕಬ್ಬಿಣದ ಜೊತೆ ಕೂಡಿ ಆಗುವ ಬಣ್ಣ ಅದು. ತಿಂದರೆ ಏನೂ ಆಗೋದಿಲ್ಲ. ಕೆಟ್ಟಿದೆ ಅಂತ ಎಸೆಯಬೇಡಿ.

ಬೇಯುವಾಗಲೇ ಒಡೆದ ಮೊಟ್ಟೆ ಫ್ರಿಜ್‌ಗೆ ಬೇಡ, ಅವತ್ತೇ ತಿನ್ನಿ. ಹಾಫ್ ಬಾಯಿಲ್ ಕೂಡ ಹಾಗೇ.

ಸಿಪ್ಪೆ ಸುಲಿಯಬೇಕಾ ಅನ್ನೋದಕ್ಕೆ: ತಿನ್ನುವ ಹೊತ್ತಿಗೆ ಸುಲಿಯಿರಿ. ಸುಲಿದ ಮೊಟ್ಟೆಗೆ ನಿಮ್ಮ ಕೈ ತಾಗಿರ್ತದೆ, ಕೈಯಿಂದ ಬರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಬಿಸಿ ಜಾಗದಲ್ಲಿ ಬೆಳೆದರೆ ಒಂದು ವಿಷ ಬಿಡ್ತದೆ, ಆ ವಿಷ ಮತ್ತೆ ಕುದಿಸಿದರೂ ಹೋಗೋದಿಲ್ಲ. ಬೆಳಗಿನ ಗಡಿಬಿಡಿಗೆ ಸುಲಿದು ಇಡಲೇಬೇಕಾದರೆ ಕೈ ಸೋಪು ಹಾಕಿ ತೊಳೆದು ಸುಲಿದು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒದ್ದೆ ಮಾಡಿ ಹಿಂಡಿದ ಟಿಶ್ಯೂ ಪೇಪರ್ ಹೊದಿಸಿಡಿ. ಇಲ್ಲದಿದ್ದರೆ ಮೇಲ್ಮೈ ಒಣಗಿ ರಬ್ಬರಿನ ಹಾಗೆ ಆಗ್ತದೆ. ಒಂದೆರಡು ದಿನದಲ್ಲಿ ಮುಗಿಸಿ. ಹೊಸ ಮೊಟ್ಟೆ, ಅದರಲ್ಲೂ ರವಿವಾರದ ಸಂತೆಯಲ್ಲಿ ಸಿಗುವ ಆಗಷ್ಟೇ ಇಟ್ಟ ಊರಕೋಳಿ ಮೊಟ್ಟೆ, ಸುಲಿಯುವಾಗ ಬಿಳಿಯೆಲ್ಲ ಸಿಪ್ಪೆಗೆ ಅಂಟಿಕೊಂಡು ಕಿತ್ತು ಬರ್ತದೆ. ದಿನ ಕಳೆದ ಹಾಗೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿಯ ಕ್ಷಾರ ಗುಣ ಹೆಚ್ಚುತ್ತದೆ, ಆಗ ಸಿಪ್ಪೆ ಸಲೀಸಾಗಿ ಬಿಡ್ತದೆ. ಬೇಯಿಸಿಡಲಿಕ್ಕೆ ಒಂದು ವಾರ ಹಳೆಯ ಫಾರಂ ಮೊಟ್ಟೆಯೇ ಒಳ್ಳೆಯದು. ಊರಕೋಳಿಯದನ್ನು ಆಮ್ಲೆಟ್ಟಿಗೆ ಇಟ್ಟುಕೊಳ್ಳಿ, ಅದರ ರುಚಿ ಅಲ್ಲೇ.

ಫ್ರಿಜ್ ಒಳಗೆ ಎಲ್ಲಿ ಇಡೋದು? ಬಾಗಿಲಲ್ಲಿ ಕಂಪನಿಯವರೇ ಮೊಟ್ಟೆಗೆ ಅಂತ ಗುಳಿ ಮಾಡಿಟ್ಟಿರ್ತಾರೆ. ಬೇಯಿಸಿದ್ದಕ್ಕೆ ಆ ಜಾಗ ಸರಿಯಲ್ಲ. ಬಾಗಿಲು ತೆರೆದಾಗಲೆಲ್ಲ ಮೊದಲು ಬಿಸಿಯಾಗೋದು ಅದೇ. ನಿಮ್ಮಂಥ ಒಂದೇ ಬಾಗಿಲಿನ ಫ್ರಿಜ್‌ನಲ್ಲಿ ಫ್ರೀಜರ್ ಕೆಳಗಿನ ಟ್ರೇಯೂ ಬೇಡ. ಅಲ್ಲಿ ಕೆಲವೊಮ್ಮೆ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ಬಿಳಿ ಕರಗಿದ ಮೇಲೆ ನೀರು ಬಿಟ್ಟು ನಾರಿನ ಹಾಗೆ ಆಗ್ತದೆ, ತಿನ್ನಲಿಕ್ಕೆ ಬರೋದಿಲ್ಲ. ನಡುವಿನ ಕಪಾಟು, ಹಿಂದಿನ ಭಾಗ, ಮುಚ್ಚಳದ ಡಬ್ಬಿ. ಇದಿಷ್ಟು ಸಾಕು. ಮುಚ್ಚಳ ಯಾಕೆಂದರೆ ಬೆಂದ ಮೊಟ್ಟೆಯ ಗಂಧಕದ ವಾಸನೆ ಹಾಲು-ಬೆಣ್ಣೆಗೆ ಹತ್ತುತ್ತದೆ, ನಿಮ್ಮ ಬಂಗಡೆ, ತಾರ್ಲೆಯ ವಾಸನೆ ಮೊಟ್ಟೆಗೆ ಹತ್ತುತ್ತದೆ. ಹಸಿ ಮೀನು ಇದ್ದರೆ ಅದು ಯಾವಾಗಲೂ ಎಲ್ಲಕ್ಕಿಂತ ಕೆಳಗೆ, ಮೊಟ್ಟೆ ಅದರ ಮೇಲಿನ ಕಪಾಟಿನಲ್ಲಿ. ಮೀನಿನ ನೀರು ಒಂದು ಹನಿ ಡಬ್ಬಿಯ ಮೇಲೆ ಬಿದ್ದರೂ ಒಳ್ಳೆಯದಲ್ಲ. ಸಾಧ್ಯವಾದರೆ ಫ್ರಿಜ್ ಥರ್ಮಾಮೀಟರ್ ಒಂದು ತಂದು ಒಳಗೆ ನೇತುಹಾಕಿ. ಫ್ರಿಜ್‌ನ ಗುಂಡಿಯಲ್ಲಿ ಬರೆದಿರುವ 1, 2, 3 ಅಂಕೆಗಳು ಡಿಗ್ರಿಯಲ್ಲ. ಬಾಗಿಲಿನ ಅಂಚಿನ ಹಳೆಯ ರಬ್ಬರ್ ಪಟ್ಟಿ (ಗ್ಯಾಸ್ಕೆಟ್) ಸಡಿಲವಾಗಿದ್ದರೆ ಒಳಗೆ 8–10 ಡಿಗ್ರಿ ಇದ್ದರೂ ಮುಟ್ಟಿದಾಗ ತಂಪೇ ಅನ್ನಿಸ್ತದೆ.

ಹಸಿ ಮೊಟ್ಟೆಯ ಜೊತೆ ಬೇಯಿಸಿದ್ದು ಬೆರೆತುಹೋಗಿದ್ದರೆ ಮೇಜಿನ ಮೇಲೆ ಗಿರ್ರನೆ ತಿರುಗಿಸಿ. ಬೆಂದದ್ದು ಜೋರಾಗಿ ನೆಟ್ಟಗೆ ತಿರುಗುತ್ತದೆ, ಹಸಿಯದ್ದು ಓಲಾಡುತ್ತದೆ.

ಈಗ ಕರೆಂಟು. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಇಡೀ ರಾತ್ರಿ ಇಲ್ಲದೆ ಹೋಗೋದು ಇಲ್ಲಿ ಹೊಸತಲ್ಲ. ಬಾಗಿಲು ತೆರೆಯದೆ ಇಟ್ಟರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದುಕೊಳ್ತದೆ. ಅಷ್ಟರೊಳಗೆ ಬಂತೋ, ಚಿಂತೆ ಇಲ್ಲ. ಅದಕ್ಕಿಂತ ಹೆಚ್ಚಾದರೆ ಬೇಯಿಸಿದ ಮೊಟ್ಟೆ ತೆಗೆದು ಹಾಕಿ. ಮೂಸಿ ನೋಡಿ ತೀರ್ಮಾನ ಮಾಡಬೇಡಿ. ಕೆಟ್ಟ ವಾಸನೆ, ಅಂಟು ಲೋಳೆ ಇದ್ದರೆ ಎಸೆಯಲೇಬೇಕು ನಿಜ, ಆದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾದಂಥವು ವಾಸನೆಯನ್ನೂ ಕೊಡೋದಿಲ್ಲ, ರುಚಿಯನ್ನೂ ಬದಲಿಸೋದಿಲ್ಲ. ಒಂದು ಮೊಟ್ಟೆಯ ಬೆಲೆ ಎಷ್ಟು, ಒಂದು ಸಲ ವಾಂತಿ-ಭೇದಿಯಾಗಿ ಆಸ್ಪತ್ರೆಗೆ ಹೋದರೆ ಖರ್ಚು ಎಷ್ಟು, ನೀವೇ ನೋಡಿ. ಮನೆಯಲ್ಲಿ ಬಸುರಿಯರು, ವಯಸ್ಸಾದವರು ಇದ್ದರೆ ನಾನಂತೂ ಎರಡು ದಿನಕ್ಕಿಂತ ಹಳೆಯದನ್ನು ಕೊಡೋದಿಲ್ಲ. ಲಿಸ್ಟೀರಿಯಾ ಅನ್ನುವ ಒಂದು ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ, ಅದು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಫ್ರಿಜ್ ನಂಬದೆ ವಿನೆಗರ್ ಬಾಟಲಿಯಲ್ಲಿ ಮೊಟ್ಟೆ ಹಾಕಿ ಹೊರಗಿಡುವ ವೀಡಿಯೊಗಳು ಓಡಾಡ್ತಿವೆ. ಅದನ್ನು ಮಾಡಬೇಡಿ. 1997ರಲ್ಲಿ ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ ಹೀಗೆ ಮನೆಯಲ್ಲಿ ಹಾಕಿದ ಮೊಟ್ಟೆ ಉಪ್ಪಿನಕಾಯಿ ತಿಂದ ಒಬ್ಬರಿಗೆ ಬಾಟುಲಿಸಂ, ಅಂದರೆ ಬ್ಯಾಕ್ಟೀರಿಯಾದ ವಿಷದಿಂದ ನರಗಳಿಗೆ ಪೆಟ್ಟು ಬಿದ್ದು ಸ್ನಾಯು ಸೋಲುವ ಗಂಭೀರ ಕಾಯಿಲೆ, ಬಂದಿತ್ತು. ವಿನೆಗರ್ ಇಳಿಯಲಿ ಅಂತ ಮೊಟ್ಟೆಗೆ ಕಡ್ಡಿಯಿಂದ ಚುಚ್ಚಿದ್ದರು, ಬಾಟಲಿ ಹೊರಗೇ ಇತ್ತು. ನಮ್ಮ ಮಾವಿನ ಮಿಡಿಗೆ ಉಪ್ಪು, ಹುಳಿ ಎರಡೂ ಕಾಯ್ತವೆ. ಮೊಟ್ಟೆಯ ನಡುವಿನವರೆಗೆ ಹುಳಿ ಇಳಿಯಲಿಕ್ಕೆ ಬಹಳ ಸಮಯ ಬೇಕು, ಅಷ್ಟರಲ್ಲಿ ಒಳಗೆ ವಿಷ ಹುಟ್ಟಬಹುದು.

ಬೇಯಿಸಿದ ಮೊಟ್ಟೆಯಿಂದ ಸಾರು ಮಾಡುವ ಅಂದಾಜಿದ್ದರೆ ಮೊಟ್ಟೆ ಬೇರೆ, ಮಸಾಲೆ ಬೇರೆ ಇಡಿ. ಕಾಯಿ ಅರೆದು ಹಾಕಿದ ಮಸಾಲೆ ಮೊಟ್ಟೆಗಿಂತ ಮೊದಲೇ ಹುಳಿಯಾಗ್ತದೆ, ಜೊತೆಗಿದ್ದರೆ ಎರಡೂ ಹಾಳು. ಬೇಕಾದಾಗ ಮಸಾಲೆ ಚೆನ್ನಾಗಿ ಕುದಿಸಿ, ಮೊಟ್ಟೆ ಸೀಳಿ ಹಾಕಿ ಐದು ನಿಮಿಷ ಬಿಡಿ.

ಆಫೀಸಿಗೆ ಡಬ್ಬಿಯಲ್ಲಿ ಒಯ್ಯುವಿರಾದರೆ ಫ್ರಿಜ್‌ನಿಂದ ತೆಗೆದ ಹೊತ್ತಿನಿಂದ ಮತ್ತೆ ಅದೇ ಎರಡು ಗಂಟೆ ಎಣಿಸಿ. ಬೆಳಿಗ್ಗೆ ಎಂಟಕ್ಕೆ ತೆಗೆದದ್ದನ್ನು ಮಧ್ಯಾಹ್ನ ಒಂದೂವರೆಗೆ ತಿನ್ನಬೇಡಿ. ಆಫೀಸಿನಲ್ಲಿ ಫ್ರಿಜ್ ಇಲ್ಲದಿದ್ದರೆ ರಾತ್ರಿಯೇ ಫ್ರೀಜರ್‌ನಲ್ಲಿಟ್ಟು ಗಡ್ಡೆ ಕಟ್ಟಿಸಿದ ಚಿಕ್ಕ ನೀರಿನ ಬಾಟಲಿಯನ್ನು ಡಬ್ಬಿಗೆ ತಾಗಿಸಿ ದಪ್ಪ ಚೀಲದಲ್ಲಿ ಒಯ್ಯಿರಿ, ಇಲ್ಲವೇ ಮೊಟ್ಟೆಯನ್ನು ಬೆಳಗಿನ ತಿಂಡಿಗೇ ಮುಗಿಸಿ.

ತಣ್ಣಗಿನದು ತಿನ್ನಲಿಕ್ಕೆ ಆಗೋದಿಲ್ಲ ಅನ್ನಿಸಿದರೆ ಸಿಪ್ಪೆ ಇರುವ ಹಾಗೆಯೇ ಕುದಿದ ನೀರಿನಲ್ಲಿ ಐದಾರು ನಿಮಿಷ ಮುಳುಗಿಸಿಡಿ, ಸಾಕಷ್ಟು ಬೆಚ್ಚಗಾಗ್ತದೆ. ಮೈಕ್ರೋವೇವ್‌ನಲ್ಲಿ ಇಡೀ ಮೊಟ್ಟೆ ಇಡಲೇಬೇಡಿ, ಸುಲಿದದ್ದಾದರೂ ಸರಿ. ಒಳಗೆ ಉಗಿ ತುಂಬಿಕೊಂಡಿರ್ತದೆ, ಹೊರಗೆ ತೆಗೆದು ಕಚ್ಚಿದಾಗ ಸಿಡಿದು ಬಾಯಿ, ಮುಖ ಸುಡಬಹುದು.