ಪ್ರಿಂಟರ್ ಬಂತು, ಸುಡೊ ಹೋಯ್ತು

ಪ್ರಶ್ನೆ: ನಮ್ಮ ವಾಚನಾಲಯದ ಉಬುಂಟು ಕಂಪ್ಯೂಟರಿನಲ್ಲಿ ಪ್ರಿಂಟರಿಗಾಗಿ ನನ್ನ ಹೆಸರನ್ನು ಎಲ್‌ಪಿಅಡ್ಮಿನ್ ಗುಂಪಿಗೆ ಸೇರಿಸಿದೆ. ಮರುದಿನದಿಂದ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಕೆಲಸ ಮಾಡಿಸುವ ಕಮಾಂಡ್) ಕೊಟ್ಟರೆ, ಆ ಅಧಿಕಾರ ಯಾರಿಗಿದೆ ಎಂದು ಬರೆದಿರುವ ಸುಡೋಯರ್ಸ್ ಫೈಲಿನಲ್ಲೇ ನಾನು ಇಲ್ಲ ಎನ್ನುತ್ತಿದೆ. ಪಾಸ್‌ವರ್ಡ್ ಸರಿಯಿದೆ. ಏನು ಮಾಡಲಿ?
– ಓದುಗರು, ಬದಿಯಡ್ಕ

ಉತ್ತರ: ಗಾಬರಿ ಬೇಡ, ನಿಮ್ಮ ಫೈಲುಗಳೆಲ್ಲ ಹಾಗೇ ಇವೆ. ಬಳಕೆದಾರರ ಗುಂಪು ಬದಲಿಸುವ ಯೂಸರ್‌ಮಾಡ್ ಕಮಾಂಡಿಗೆ ಬರೀ ದೊಡ್ಡ ‘ಜಿ’ ಕೊಟ್ಟಿರಬೇಕು, ಅಲ್ವಾ? ಅದು ಹೊಸ ಗುಂಪಿಗೆ ಸೇರಿಸುವುದಷ್ಟೇ ಅಲ್ಲ, ಹಳೆಯ ಹೆಚ್ಚುವರಿ ಗುಂಪುಗಳಿಂದ ತೆಗೆದೂ ಹಾಕುತ್ತದೆ. ಸುಡೊ ಅಧಿಕಾರ ಕೊಡುವ ಸುಡೊ ಗುಂಪು ಹೋಗಿದ್ದು ಹಾಗೆ. ಮುಂದೆ ಒಂದು ಸಣ್ಣ ‘ಎ’ ಇದ್ದರೆ ಹಳೆಯದು ಉಳಿಯುತ್ತದೆ. ಮಂಜೇಶ್ವರದಲ್ಲಿ ಒಂದು ಮಳೆಗಾಲದ ಸಂಜೆ ನಾನೂ ಈ ಒಂದಕ್ಷರ ಬಿಟ್ಟು, ರಾತ್ರಿ ಹತ್ತರವರೆಗೆ ಕೂತಿದ್ದೆ. ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು.

ಕಂಪ್ಯೂಟರ್ ಮತ್ತೆ ಶುರು ಮಾಡಿ. ಹಳೆಯ ಬಯೋಸ್ (ಕಂಪ್ಯೂಟರ್ ಶುರು ಮಾಡುವ ಮೂಲ ಸಾಫ್ಟ್‌ವೇರ್) ಇದ್ದರೆ ಶಿಫ್ಟ್ ಒತ್ತಿ ಹಿಡಿಯಿರಿ, ಹೊಸದಾದರೆ ಎಸ್ಕೇಪ್ ಒತ್ತಿ. ಆಗ ಬರುವ ಗ್ರಬ್ ಎಂಬ ಮೆನುವಿನಲ್ಲಿ ರಿಕವರಿ ಮೋಡ್, ಆಮೇಲೆ ರೂಟ್ (ಪೂರ್ಣ ಅಧಿಕಾರದ ಕಮಾಂಡ್ ಸಾಲು) ಆರಿಸಿ. ಅಲ್ಲಿ ಡಿಸ್ಕ್ ಬರೀ ಓದುವ ಸ್ಥಿತಿಯಲ್ಲಿರಬಹುದು. ಮೊದಲು ಅದರಲ್ಲಿ ಬರೆಯಲು ಆಗುವಂತೆ ರೀಮೌಂಟ್ ಮಾಡಿ, ಅಂದರೆ ಮತ್ತೆ ಜೋಡಿಸಿ. ನಂತರ ಅದೇ ಯೂಸರ್‌ಮಾಡ್ ಕೊಡಿ, ಈ ಸಲ ‘ಎ’ ಮತ್ತು ‘ಜಿ’ ಎರಡೂ ಇರಲಿ, ಗುಂಪಿನ ಹೆಸರು ಸುಡೊ. ರೀಬೂಟ್ ಮಾಡಿ ಲಾಗಿನ್ ಆಗಿ.

ಸುಡೋಯರ್ಸ್ ಫೈಲನ್ನು ಸುಮ್ನೆ ಎಡಿಟರಿನಲ್ಲಿ ತೆರೆಯಬೇಡಿ. ಅದಕ್ಕೆಂದೇ ಇರುವ ವಿಸುಡೊ ಕಮಾಂಡ್ ಬಳಸಿ, ತಪ್ಪಿದ್ದರೆ ಉಳಿಸುವ ಮೊದಲೇ ಹೇಳುತ್ತದೆ. ಜನ ಜಾಸ್ತಿ ಬಂದು ಹೋಗುವ ಜಾಗವಲ್ಲವೇ, ಪಾಸ್‌ವರ್ಡ್ ಕೇಳದ ಸುಡೊ ಮಾತ್ರ ಯಾರಿಗೂ ಕೊಡಬೇಡಿ.