ಮನೆ ಮಾತು: ‘ಸೋಮವಾರ ಗ್ಯಾರಂಟಿ ಅಕ್ಕ’ ಅನ್ನೋ ಕಂಟ್ರಾಕ್ಟರ್ ಹತ್ತಿರ ಹೇಗೆ ಮಾತಾಡಲಿ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನಲ್ಲಿ ಹಳೇ ಹೆಂಚಿನ ಮನೆ. ಚಾವಣಿಯ ಮರ, ರೀಪು, ಪಕಾಸಿಗೆಲ್ಲ ಗೆದ್ದಲು ಹಿಡಿದಿದೆ. ಮರ ತೆಗೆದು ಕಬ್ಬಿಣದ ಪೈಪ್ ಹಾಕಿ, ಅದೇ ಹೆಂಚು ಹೊದಿಸೋಕೆ ಜನವರಿಯಲ್ಲೇ 80 ಸಾವಿರ ಅಡ್ವಾನ್ಸ್ ಕೊಟ್ಟೆವು. ಕಂಟ್ರಾಕ್ಟರ್ ಮೊದಲು ಶಿವರಾತ್ರಿ ಆಗಲಿ ಅಂದರು, ಆಮೇಲೆ ಯುಗಾದಿ ಕಳೀಲಿ ಅಂದರು. ಹೋದ ವಾರ ಹುಡುಗರು ಬಂದು ಅಡುಗೆಮನೆ ಮೇಲಿನ ಹೆಂಚು ಇಳಿಸಿ ಹೋದವರು ಮತ್ತೆ ಬಂದಿಲ್ಲ. ಟಾರ್ಪಾಲು ಹೊದಿಸಿಕೊಂಡು ಕೂತಿದ್ದೇವೆ. ಫೋನ್ ಮಾಡಿದರೆ ‘ಸೋಮವಾರ ಗ್ಯಾರಂಟಿ ಅಕ್ಕ’ ಅಂತಾರೆ. ನಮ್ಮ ಯಜಮಾನರಿಗೆ ಪರಿಚಯದವರು. ಜೋರು ಮಾಡಿದರೆ ಕೆಲಸ ಬಿಟ್ಟೇ ಹೋಗ್ತಾರೇನೋ ಅಂತ ಭಯ. ಏನು ಮಾಡಲಿ?

ಉತ್ತರ: ಮೊದಲು ಇವತ್ತು ರಾತ್ರಿಯ ಮಾತು. ಟಾರ್ಪಾಲಿನ ಮೇಲಿನ ಅಂಚನ್ನು ಉಳಿದಿರೋ ಹೆಂಚಿನ ಸಾಲಿನ ಕೆಳಗೆ ತೂರಿಸಿ, ಇಲ್ಲದಿದ್ದರೆ ಮೇಲಿಂದ ಹರಿದು ಬಂದ ನೀರೆಲ್ಲ ಸಂದಿಯಲ್ಲಿ ಒಳಗಿಳಿಯುತ್ತೆ. ನಡುವೆ ನೀರು ನಿಂತು ಜೋತು ಬೀಳದ ಹಾಗೆ ಅಡಿಯಲ್ಲಿ ಬಿದಿರಿನ ಗಳ ಕೊಡಿ. ಕಲ್ಲು ಹೇರಬೇಡಿ, ಹಗ್ಗ ಕಟ್ಟಿಸಿ. ಮಳೆ ಬಂದಾಗ ಅಡುಗೆಮನೆ ಕರೆಂಟು ಆಫ್ ಮಾಡಿಬಿಡಿ.

ಇನ್ನು ಮಾತಾಡೋ ವಿಷಯ. ‘ಯಾವಾಗ ಬರ್ತೀರಾ?’ ಅಂತ ಕೇಳಿದರೆ ಸಿಗೋ ಉತ್ತರ ಒಂದೇ, ಸೋಮವಾರ. ಅದರ ಬದಲು ‘ಯಾವುದಕ್ಕೆ ಕಾಯ್ತಾ ಇದ್ದೀರಿ ಅಣ್ಣ?’ ಅಂತ ಕೇಳಿ. ಪೈಪ್ ತಗೊಂಡಾಯ್ತಾ, ಯಾವ ಅಂಗಡಿಯಲ್ಲಿದೆ? ವೆಲ್ಡರ್ ಈಗ ಎಲ್ಲಿದ್ದಾರೆ? ಅಲ್ಲಿ ಇನ್ನು ಎಷ್ಟು ದಿನದ ಕೆಲಸ? ಇವನ್ನು ಫೋನಿನಲ್ಲಿ ಕೇಳಬೇಡಿ. ಬೆಳಗ್ಗೆ ಎಂಟಕ್ಕೆ ಅವರು ಕೆಲಸ ನಡೆಸ್ತಿರೋ ಜಾಗಕ್ಕೇ ಹೋಗಿ. ಅಲ್ಲಿ ಎಷ್ಟು ಜನ ಇದ್ದಾರೆ, ಆ ಮನೆ ಕೆಲಸ ಎಲ್ಲಿಗೆ ಬಂದಿದೆ ಅಂತ ಕಣ್ಣಾರೆ ಕಂಡರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಅವರ ಕಷ್ಟವೂ ಇದೆ, ಅದನ್ನೂ ಹೇಳಬೇಕು. ನಮ್ಮ ಕಡೆ ಕಾಫಿ ಕೊಯ್ಲು ಮುಗಿಯೋವರೆಗೆ ಆಳು ಸಿಗಲ್ಲ, ರೊಬಸ್ಟಾ ಇರೋ ಕಡೆ ಅದು ಮಾರ್ಚ್‌ವರೆಗೂ ಎಳೆಯುತ್ತೆ. ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೆ ಮನೆ ಮಾಡು (ಚಾವಣಿ) ನೆನಪಾಗುತ್ತೆ. ಸಂಜೆ ಗುಡುಗು ಬಂದರೆ ಕರೆಂಟು ಹೋಗಿ ವೆಲ್ಡಿಂಗ್ ನಿಲ್ಲುತ್ತೆ. ಹಾಗಾಗಿ ಒಬ್ಬ ಕಂಟ್ರಾಕ್ಟರ್ ಮೂರು ನಾಲ್ಕು ಮನೆ ಒಪ್ಪಿಕೊಂಡು, ಯಾವ ಮನೆಯೂ ಕೈ ಬಿಡಬಾರದು ಅಂತ ಎಲ್ಲಾ ಕಡೆ ಎರಡು ದಿನ ಹೆಂಚು ಇಳಿಸಿ ಹೋಗ್ತಾರೆ. ಹೆಂಚು ಇಳಿಸಿದ ಮನೆಯವರು ಬೇರೆಯವರನ್ನು ಕರೆಯೋಕಾಗಲ್ಲ ಅಲ್ವಾ? ಇದು ತಪ್ಪು, ಮತ್ತು ಇದನ್ನೇ ನೀವು ನಿಲ್ಲಿಸಬೇಕಾಗಿರೋದು. ಪೂರ್ತಿ ಪೈಪ್ ಅಂಗಳಕ್ಕೆ ಬಂದು ಬೀಳೋವರೆಗೆ ಇನ್ನೊಂದು ಹೆಂಚೂ ಇಳಿಸೋದು ಬೇಡ ಅಂತ ಹೇಳಿ. ಒಂದು ಪಕ್ಕ ಹೊದಿಸಿ ಮುಗಿಸಿದ ಮೇಲೇ ಇನ್ನೊಂದು ಪಕ್ಕ.

ನಾನಿದನ್ನು ಹೇಳೋದು ಅನುಭವದಿಂದ. ಆಲೂರಿನ ನಮ್ಮ ತಾಯಿ ಮನೆಯಲ್ಲಿ ‘ಎರಡೇ ದಿನದ ಕೆಲಸ’ ಅಂದಿದ್ದಕ್ಕೆ ಪೂರ್ತಿ ಮಾಡು ಬಿಚ್ಚಲು ಒಪ್ಪಿಬಿಟ್ಟೆ. ಮೂರನೇ ರಾತ್ರಿ ಭರಣಿ ಮಳೆ ಸುರಿಯಿತು. ಅಕ್ಕಿ ಡ್ರಮ್ಮು ಎತ್ತೋದಾ, ಅಮ್ಮನ ಮಂಚ ಎಳೆಯೋದಾ ಗೊತ್ತಾಗಲಿಲ್ಲ. ಬೆಳಗ್ಗೆ ನೋಡಿದರೆ ಗೋಡೆ ಮೇಲಿದ್ದ ಅಪ್ಪನ ಫೋಟೋ ಗಾಜಿಗೆ ಅಂಟಿ, ಅರ್ಧ ಮುಖ ಅಳಿಸಿ ಹೋಗಿತ್ತು. ಇನ್ನೊಂದು ಪ್ರತಿ ಇರಲಿಲ್ಲ.

ಪೈಪ್ ಇನ್ನೂ ತಗೊಂಡಿಲ್ಲ ಅಂತಾದರೆ ನಿಮ್ಮ ಅಡ್ವಾನ್ಸ್ ಬೇರೆ ಮನೆಗೆ ಖರ್ಚಾಗಿದೆ ಅಂತಲೇ ಅಂದಾಜು ಮಾಡಿ. ಕೂಗಾಡಬೇಡಿ. ಮುಂದಿನ ಕಂತು ಅವರ ಕೈಗೆ ಕೊಡದೆ, ಜೊತೆಯಲ್ಲೇ ಅಂಗಡಿಗೆ ಹೋಗಿ ನಿಮ್ಮ ಹೆಸರಿಗೆ ಬಿಲ್ ಮಾಡಿಸಿ ಅಲ್ಲೇ ದುಡ್ಡು ಕಟ್ಟಿ, ಅಷ್ಟನ್ನು ಲೆಕ್ಕದಲ್ಲಿ ಮುರಿದುಕೊಳ್ಳಿ.

ಮಾತಾಡಿ ಬಂದ ದಿನವೇ ವಾಟ್ಸಾಪ್‌ನಲ್ಲಿ ಬರೆದು ಹಾಕಿ. ವಾಯ್ಸ್ ಮೆಸೇಜ್ ಬೇಡ, ಬರೆದಿದ್ದೇ ಬೇಕು. ಹೀಗೆ: ‘ಅಣ್ಣ, ನೀವು ಹೇಳಿದ ಪ್ರಕಾರ ಪೈಪ್ ಬುಧವಾರ ಬರುತ್ತೆ, ಗುರುವಾರ ನಾಲ್ಕು ಜನ ಬಂದು ವೆಲ್ಡಿಂಗ್ ಶುರು. ಆಮೇಲೆ ರೆಡ್ ಆಕ್ಸೈಡ್ ಬಣ್ಣಕ್ಕೆ ಒಂದು ದಿನ. ಅಡುಗೆಮನೆ ಹೆಂಚು ಮುಂದಿನ ಮಂಗಳವಾರದೊಳಗೆ ಹೊದಿಸೋದು. ಅಲ್ಲಿವರೆಗೆ ಬೇರೆ ಕಡೆ ಇಳಿಸೋದು ಬೇಡ. ಸರಿ ಅಂತ ಒಂದು ಉತ್ತರ ಹಾಕಿ.’ ಬಣ್ಣದ ದಿನ ಮರೀಬೇಡಿ. ಅವಸರದಲ್ಲಿ ಮೊದಲು ಬಿಟ್ಟುಹೋಗೋದೇ ಅದು, ನಮ್ಮ ಥಂಡಿಗೆ ವೆಲ್ಡಿಂಗ್ ಜಾಗ ಬೇಗ ತುಕ್ಕು ಹಿಡಿಯುತ್ತೆ.

ಕೊನೇ ದಿನಾಂಕ ಮಾತ್ರ ನೀವೇ ಹೇಳಿ: ಕೃತ್ತಿಕೆ ಮಳೆ ಮುಗಿಯೋದರೊಳಗೆ, ಅಂದರೆ ಮೇ 24. ಮುಂಗಾರು ಜೂನ್ ಮೊದಲ ವಾರ ತಾನೇ ಅನ್ನಬಹುದು ಅವರು. 2025ರಲ್ಲಿ ಮೇ 24ಕ್ಕೇ ಕೇರಳ ಮುಟ್ಟಿತ್ತು, ಅದನ್ನು ನೆನಪಿಸಿ. ಕಡೇ ಕಂತು ಒಂದು ಜೋರು ಮಳೆ ಬಂದು, ಎಲ್ಲೂ ಸೋರಿಲ್ಲ ಅಂತ ನೋಡಿದ ಮೇಲೆ ಕೊಡ್ತೀನಿ ಅಂತ ಈಗಲೇ ಹೇಳಿಬಿಡಿ.

ಪರಿಚಯ ಅಂತ ಹಿಂಜರಿಯಬೇಡಿ. ಪರಿಚಯದವರ ಕೆಲಸವೇ ಜಾಸ್ತಿ ಹಿಂದೆ ಬೀಳೋದು, ಇವರು ಜಗಳಕ್ಕೆ ಬರಲ್ಲ ಅಂತ ಗೊತ್ತಿರುತ್ತಲ್ಲ. ಇಳಿಸಿದ ಹೆಂಚನ್ನು ಇವತ್ತೇ ಎಣಿಸಿ. ಒಡೆದಿದ್ದರೆ ಬದಲಿ ತರೋವಾಗ ಹಿಂದೆ ಅಚ್ಚಾಗಿರೋ ಕಾರ್ಖಾನೆ ಹೆಸರು ನೋಡಿ ಅದನ್ನೇ ಹುಡುಕಿ, ಬೇರೆಯದಾದರೆ ಅಂಚಿನ ಕೊರೆ ಒಂದರೊಳಗೊಂದು ಕೂರದೆ ಸೋರುತ್ತೆ.

ಪ್ರಶ್ನೆ: ಚಿಕ್ಕಮಗಳೂರಿನವನು. ಶೀಟ್ ಹಾಕೋಕೆ ಅಡ್ವಾನ್ಸ್ ತಗೊಂಡವರು ಒಂದು ವರ್ಷದಿಂದ ಫೋನೇ ಎತ್ತಲ್ಲ. ದುಡ್ಡು ಹೋಯ್ತಾ?

ಉತ್ತರ: ಹೋಗಿಲ್ಲ, ಆದರೆ ಇನ್ನು ಸುಮ್ನೆ ಕಾಯಬೇಡಿ. ದುಡ್ಡು ಕೊಟ್ಟ ದಾಖಲೆ, ಮೆಸೇಜು ಎಲ್ಲ ತೆಗೆದಿಟ್ಟುಕೊಂಡು, 15 ದಿನದಲ್ಲಿ ಕೆಲಸ ಮಾಡಿ ಇಲ್ಲವೇ ದುಡ್ಡು ವಾಪಸ್ ಕೊಡಿ ಅಂತ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. 5 ಲಕ್ಷದವರೆಗೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ. ದೂರಿಗೆ 2 ವರ್ಷದ ಗಡುವು ಇದೆ, ಅದರಲ್ಲಿ ಒಂದು ವರ್ಷ ಈಗಾಗಲೇ ಕಳೆದಿದೆ. ಈ ವಾರವೇ ಪೋಸ್ಟ್ ಆಫೀಸಿಗೆ ಹೋಗಿ.